ಒಂದೇ ಕೈಯ ಕಾರ್ಡುಗಳು

"ಇದನ್ನ ನೋಡಿ. ಈಗ ಇದನ್ನ ನೋಡಿ." ಮೇಲಿನ ಕಚೇರಿಯಿಂದ ಬಂದಿದ್ದ ಅಧಿಕಾರಿ ಎರಡು ಅಂಚೆ ಕಾರ್ಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. "ಒಂದು ಹುಲಿಗೆಪ್ಪ ಅಂತೆ, ಇನ್ನೊಂದು ಈರೇಶ ಅಂತೆ. ಅಕ್ಷರ ಮಾತ್ರ ಒಬ್ಬರದೇ! ಇವೆರಡೇ ಅಲ್ಲ, ನೂರ ನಲವತ್ತಾರೂ ಸೇಮ್ ಹ್ಯಾಂಡ್‌ರೈಟಿಂಗ್. ಯಾರ್ರೀ ಬರ್ದಿದ್ದು?"

ಗೋವಿಂದಮ್ಮನ ಬಾಯಿ ಒಣಗಿತು. ಹದಿನಾಲ್ಕು ವರ್ಷ ಮೈಕಿನ ಮುಂದೆ ಒಂದು ದಿನವೂ ತಡವರಿಸದ ಬಾಯಿ ಅದು. ಹಲಸೂರಿನ ಮನೆಯಿಂದ ಕುಕ್ ಟೌನಿನ ಈ ಬಾನುಲಿ ಕೇಂದ್ರಕ್ಕೆ ದಿನಗೂಲಿ ಉದ್ಘೋಷಕಿಯಾಗಿ ಬರುತ್ತಿದ್ದವಳು ಆಕೆ. "ನಾನಂತೂ ಬರ್ದಿಲ್ಲ ಸರ್" ಎಂದಳು. ಅಧಿಕಾರಿ ಮುಗುಳ್ನಕ್ಕರು. 

ಆ ವರ್ಷ ಬಾನುಲಿಗೆ ಬರುವ ಅನುದಾನ ಕಡಿತವಾಗಿತ್ತು. ಎರಡು ವಾಹಿನಿಗಳನ್ನು ಸಾಕುವ ಶಕ್ತಿ ಇಲ್ಲ, ಎರಡನೆಯದನ್ನು ಮುಚ್ಚಿ ಮೊದಲನೆಯದರೊಳಗೆ ಸೇರಿಸಿ ಎಂದು ಆದೇಶ ಬಂದಿತ್ತು. ಯಾವ ಕಾರ್ಯಕ್ರಮ ಉಳಿಯಬೇಕು? ತಿಂಗಳಿಗೆ ನೂರು ಪತ್ರ ಬಂದದ್ದು ಉಳಿಯಲಿ, ಮಿಕ್ಕವಕ್ಕೆ ಎಳ್ಳುನೀರು. ಅಲ್ಲಾ, ರೇಡಿಯೋ ಕೇಳುವವರೆಲ್ಲ ಕಾಗದ ಬರೆಯುತ್ತಾರೆಯೇ? ಇದನ್ನು ಕೇಳುವವರು ಯಾರೂ ಇರಲಿಲ್ಲ.

ಗೋವಿಂದಮ್ಮ ನಡೆಸುತ್ತಿದ್ದುದು 'ಊರ ಕಡೆ ಮಾತು'. ಸಂಜೆ ಇಪ್ಪತ್ತು ನಿಮಿಷ. ಎರಡು ಹಾಡು, ಒಂದಿಷ್ಟು ಮಳೆಬೆಳೆ ಸಮಾಚಾರ. ಕೊನೆಯ ಐದು ನಿಮಿಷ ಬರೀ ಹೆಸರುಗಳು. ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರ ಹೆಸರು, ಊರು, ಆಮೇಲೆ 'ಕ್ಷೇಮ' ಎಂಬ ಒಂದು ಮಾತು. ಆ ಊರುಗಳಲ್ಲಿ ಹೆತ್ತವರು ರೇಡಿಯೋಕ್ಕೆ ಕಿವಿಗೊಟ್ಟು ಕೂತಿರುತ್ತಿದ್ದರು. ಈ ಗಾರೆ ಕೆಲಸದವರೋ ಇಪ್ಪತ್ತು ಹೆಸರನ್ನು ಒಂದೇ ಚೀಟಿಯಲ್ಲಿ ಗೀಚಿಸಿ ಕಳಿಸುವವರು. ಲೆಕ್ಕಕ್ಕೆ ಅದು ಒಂದೇ ಪತ್ರ. ಅದಕ್ಕೇ ಗೋವಿಂದಮ್ಮ ಕಳೆದ ತಿಂಗಳು ಮೈಕಿನಲ್ಲಿ ಬಾಯಿಬಿಟ್ಟು ಕೇಳಿಕೊಂಡಿದ್ದಳು: ಒಬ್ಬೊಬ್ಬರೂ ಒಂದೊಂದು ಕಾರ್ಡು ಹಾಕಿ, ಇಲ್ಲದಿದ್ದರೆ ಕಾರ್ಯಕ್ರಮ ನಿಂತುಹೋಗುತ್ತದೆ.

ಅಧಿಕಾರಿ ಹೊರಟ ಮೇಲೆ ಕೇಂದ್ರದ ಮುಖ್ಯಸ್ಥ ಆದಿನಾರಾಯಣ ಕುರ್ಚಿಗೆ ಒರಗಿದರು. "ನೀವು ಬರ್ದಿಲ್ಲ ಅಂತ ನಂಗೊತ್ತು ಗೋವಿಂದಮ್ಮ. ಆದ್ರೆ ಅವರವರೇ ಬರೆದ ಕಾರ್ಡ್ ಮುಂದಿನ ಶನಿವಾರದೊಳಗೆ ತೋರಿಸ್ಬೇಕಂತೆ. ಎಲ್ಲಿಂದ ತರ್ತೀರಾ? ನನ್ ಕೈಲೂ ಏನೂ ಆಗಲ್ಲ, ಬಿಟ್ಬಿಡಿ."

ಬಿಟ್ಟುಬಿಡುವ ಪೈಕಿಯವಳಲ್ಲ ಗೋವಿಂದಮ್ಮ. ಮರುದಿನ ಭಾನುವಾರ, ಕಾರ್ಡುಗಳ ಮೇಲಿದ್ದ ವಿಳಾಸ ಹಿಡಿದು ಬಸ್ಸು ಹತ್ತಿ ಹೊರಮಾವಿಗೆ ಹೋದಳು. ಎದ್ದು ನಿಲ್ಲುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ಸಾಲು. ಇವಳ ದನಿ ಕೇಳಿದ್ದೇ ತಡ, ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಯವ್ವಾ, ರೇಡಿಯೋದಾಕಿ ಬಂದಾಳ!" ಗಾರೆ ಮೇಸ್ತ್ರಿ ಹುಲಿಗೆಪ್ಪ ಒಳಗಿಂದ ಕುರ್ಚಿ ತಂದು ಹಾಕಿದ.

"ಕಾರ್ಡು ಮುಟ್ಯಾವೇನ್ರೀ ಮೇಡಂ?" ಅವನ ಹೆಂಡತಿ ಲಕ್ಷ್ಮಿದೇವಿ ಮುಖ ಅರಳಿಸಿ ಕೇಳಿದಳು. ಆ ಸಾಲಿನಲ್ಲಿ ಹತ್ತನೇ ತರಗತಿವರೆಗೆ ಓದಿದವಳು ಅವಳೊಬ್ಬಳೇ. "ನಾಕು ದಿನ ಕೆಲ್ಸಕ್ಕ ಹೋಗ್ಲಿಲ್ರೀ. ಕುಂತ ಬರದೆ. ಒಂದರಾಗೂ ತಪ್ಪಿಲ್ಲ, ನೋಡಿದ್ರಿಲ್ಲೋ?"

 ಮುತ್ತು ಪೋಣಿಸಿದಂಥ ಅಕ್ಷರ, ಅದೇ ಕುತ್ತಿಗೆಗೆ ಬಂದಿತ್ತು. "ಚೆನ್ನಾಗಿ ಬರ್ದಿದ್ದೀಯಮ್ಮ. ಆದ್ರೆ ಎಲ್ಲಾ ಒಬ್ರೇ ಬರ್ದಿದ್ದಾರೆ, ಸುಳ್ಳು ಕಾರ್ಡು ಅಂತಾರೆ."

"ಸುಳ್ಳ್ಯಾಕ ಬರೀಲ್ರೀ?" ಲಕ್ಷ್ಮಿದೇವಿಯ ಮುಖ ಸಣ್ಣಗಾಯಿತು. "ಒಬ್ಬೊಬ್ಬರನೂ ಎದುರಿಗಿ ಕುಂದ್ರಿಸಿಕೊಂಡು ಕೇಳಿ ಬರದೀನಿ. ಹೆಬ್ಬಟ್ಟು ಒತ್ತಿಸಿ ಕೊಡ್ಲೇನು?"

"ಹೆಬ್ಬೆಟ್ಟು ನಡೆಯಲ್ವಂತೆ. ಅವರವರ ಕೈಬರಹನೇ ಬೇಕಂತೆ."

ಹುಲಿಗೆಪ್ಪ ಸಿಮೆಂಟು ತಿಂದ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ. "ನಮ್ಮವ್ವ ಹುಸೇನಮ್ಮ ಅಂತ, ಲಿಂಗಸೂರ ಕಡೆ ಹಳ್ಳಿ. ಹೋದ ವರ್ಷ ಕಟ್ಟಡಕ್ಕ ಕಟ್ಟಿದ ಸಾರವಿ ಮ್ಯಾಲಿಂದ ನನ್ನ ತಮ್ಮ ಬಿದ್ದು ಸತ್ತನ್ರೀ. ಆವಾಗಿಂದ ವಾರಕ್ಕೊಮ್ಮಿ ನನ್ನ ಹೆಸರು ಕೇಳಿದ್ರನ ಆಕಿ ಹೊಟ್ಟಿಗಿ ಕೂಳು. ನಾವು ಬರದ್ರ ಉಳೀತದೇನ್ರೀ ಮೇಡಂ?"

ಶನಿವಾರಕ್ಕೆ ಆರೇ ದಿನ. ಪೆನ್ನು ಹಿಡಿದು ಗೊತ್ತಿಲ್ಲದ ನೂರು ಕೈಗಳು. ಆಗುವುದಿಲ್ಲಪ್ಪ ಎಂದು ಹೇಳಿಬಿಡಬೇಕಿತ್ತು. ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಗಡುವಿನ ಮಾತನ್ನು ಅವಳು ಎತ್ತಲಿಲ್ಲ. "ಬರೀರಿ. ನೋಡೋಣ" ಎಂದುಬಿಟ್ಟಳು. ಅವರು ಕೊಟ್ಟ ಚಹಾ ಕುಡಿದು, ತಲೆ ತಗ್ಗಿಸಿಕೊಂಡು ಬಸ್ಸಿಗೆ ಬಂದಳು.

ಅವರವರ ಕೈಬರಹದ ಕಾರ್ಡು ಬಂದಿಲ್ಲವೆಂದು ಶನಿವಾರ ವರದಿ ಹೋಯಿತು. ತಿಂಗಳ ಕೊನೆಗೆ ಎರಡನೆಯ ವಾಹಿನಿ ಮುಚ್ಚಿತು. ಜೊತೆಗೆ 'ಊರ ಕಡೆ ಮಾತು' ನಿಂತಿತು, ಗೋವಿಂದಮ್ಮನ ಡ್ಯೂಟಿಯೂ ನಿಂತಿತು. ಅವಳ ಹೊತ್ತಿನಲ್ಲಿ ಮೊದಲನೆಯ ವಾಹಿನಿಯವರು ಹಳೆಯ ವಾದ್ಯ ಸಂಗೀತದ ಟೇಪು ಹಾಕತೊಡಗಿದರು.

ಎರಡು ತಿಂಗಳಾದ ಮೇಲೆ ಪ್ರವೇಶದ ಪಾಸು ಹಿಂತಿರುಗಿಸಲು ಅವಳು ಕೇಂದ್ರಕ್ಕೆ ಹೋದಳು. ಟಪಾಲು ವಿಭಾಗದ ವಾಜಿದ್ ಅವಳನ್ನು ನೋಡಿದವನೇ ಕೂಗಿದ. "ಅರೇ ಮೇಡಂ, ನಿಮ್ಮನ್ನೇ ನೆನೆಸ್ಕೊಂಡೆ! ನಿಮ್ ಪ್ರೋಗ್ರಾಮಿಗೆ ಕಾರ್ಡ್ ಬರ್ತಾನೇ ಇದೆ. ಆ ಸೆಕ್ಷನ್ನೇ ಇಲ್ಲ, ಎಲ್ಲಿ ಹಾಕ್ಲಿ ಹೇಳಿ? ಬಿಸಾಕೋಕೂ ಮನಸ್ಸು ಬರಲ್ಲ." ಮೇಜಿನ ಕೆಳಗಿನಿಂದ ಸೀರೆ ಅಂಗಡಿಯ ಚೀಲವೊಂದನ್ನು ಎಳೆದು ಅವಳ ಮುಂದಿಟ್ಟ.

ಚೀಲದ ತುಂಬ ಕಾರ್ಡುಗಳು. ವಿಳಾಸ ಮಾತ್ರ ಮುತ್ತಿನಂಥ ಆ ಅಕ್ಷರದಲ್ಲಿತ್ತು. ಹಿಂದೆ ತಿರುಗಿಸಿದಳು. ಒಂದರಲ್ಲಿ ಹೆಸರು ಅಂಗೈಯಗಲಕ್ಕಿತ್ತು, ಇನ್ನೊಂದರಲ್ಲಿ ಮೂಲೆಗೆ ಮುದುಡಿಕೊಂಡಿತ್ತು. ಒತ್ತಿ ಒತ್ತಿ ಬರೆದು ಕಾಗದ ತೂತಾದವು ಕೆಲವು. ಗೋವಿಂದಮ್ಮ ಎರಡು ಕಾರ್ಡು ತೆಗೆದು, ಅಂದು ಅಧಿಕಾರಿ ಇಟ್ಟ ಹಾಗೆಯೇ ಪಕ್ಕಪಕ್ಕ ಇಟ್ಟಳು. ಒಂದರಂತೆ ಇನ್ನೊಂದಿರಲಿಲ್ಲ. ಅಯ್ಯೋ ದೇವರೇ, ನೋಡೋಣ ಎಂದೇಕೆ ಹೇಳಿದೆ ಎಂದುಕೊಂಡಳು.

"ಏನ್ ಬರ್ದವ್ರೆ ಮೇಡಂ?" ವಾಜಿದ್ ಕೇಳಿದ.

ಅವಳು ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಓದುತ್ತಿದ್ದ ದನಿಯಲ್ಲೇ ಓದಿದಳು. "ಹುಲಿಗೆಪ್ಪ. ತಾಯಿ ಹುಸೇನಮ್ಮ. ಲಿಂಗಸುಗೂರು ತಾಲೂಕು. ಕ್ಷೇಮ."

ವಾಜಿದ್ ಮುದ್ರೆ ಒತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಗೋವಿಂದಮ್ಮ ಎರಡನೆಯ ಕಾರ್ಡನ್ನು ಕೈಗೆತ್ತಿಕೊಂಡಳು.