ಹಿಡಿ ಅಕ್ಕಿಯ ಡಬ್ಬಿ

ಒಂದೇ ಸಲ ತುಂಬಿಸಿದ ಅಕ್ಕಿಗೂ ದಿನಕ್ಕೊಂದು ಹಿಡಿ ಹಾಕಿ ತುಂಬಿಸಿದ ಅಕ್ಕಿಗೂ ವ್ಯತ್ಯಾಸ ಗೊತ್ತಾಗುತ್ತದೆಯೇ? ಶನಿವಾರ ಮಧ್ಯಾಹ್ನ ಡೈರಿಯಲ್ಲಿ ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಯಾರನ್ನಾದರೂ ಕೇಳುವಂಥ ಪ್ರಶ್ನೆಯಲ್ಲ ಅದು. ಕೇಳಿದರೆ, ಯಾಕೆ ಎಂದು ಅವರೂ ಕೇಳುತ್ತಾರೆ.

ರಾಣೆಬೆನ್ನೂರಿನ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ, ಹೊಸದಾಗಿ ದೀಕ್ಷಾಸ್ನಾನ ಆದವರನ್ನು ಆರು ತಿಂಗಳ ಮಟ್ಟಿಗೆ ಹಿರಿಯರೊಬ್ಬರ ಕೈಗೆ ಒಪ್ಪಿಸುತ್ತಾರೆ. ಯೇಸುವಿನ ಹಿಂದೆ ನಡೆಯುವುದನ್ನು ಮೊದಲು ಇವರ ಹಿಂದೆ ನಡೆದು ಕಲಿಯಲಿ ಎಂದು. ಹಾವೇರಿಯಲ್ಲಿ ಬಿ.ಎ. ಮುಗಿಸಿದ ನಾನು, ಏನಾದರೂ ಪುಸ್ತಕ ಕೊಡುತ್ತಾರೆ, ಅಡಿಗೆರೆ ಎಳೆಯಬಹುದು ಎಂದು ಎರಡು ಬಣ್ಣದ ಪೆನ್ನು ಹಿಡಿದುಕೊಂಡು ಹೋಗಿದ್ದೆ. ನನ್ನ ಪಾಲಿಗೆ ಬಂದ ಹಿರಿಯರು, ಭರಮವ್ವ ದೊಡ್ಡವ್ವ, ಕೊಟ್ಟದ್ದು ಒಂದು ಖಾಲಿ ಡಬ್ಬಿ.

“ದಿನಾ ಅನ್ನಕ್ಕ ಇಡೂ ಮುಂದ ಒಂದು ಹಿಡಿ ಅಕ್ಕಿ ಇದರಾಗ ಹಾಕು. ಹಾಕಿ, ಬ್ಯಾಡಗಿ ಸಿದ್ದವ್ವನ ಹೆಸರು ತಗೊಂಡು ಪ್ರಾರ್ಥನಿ ಮಾಡು. ಆಕಿ ಮೊಣಕಾಲು ಭಾಳ ತ್ರಾಸ ಕೊಡಾಕತ್ತೈತಿ. ತಿಂಗಳಾದ ಮ್ಯಾಲ ಡಬ್ಬಿ ಆಕಿಗೇ ಕೊಟ್ಟು ಬರೂಣು.”

“ಇಷ್ಟೇ ಏನ್ರಿ?”

“ಇಷ್ಟ. ಪೆನ್ನು ಒಳಗಿಡು,” ಎಂದರು ಅವರ ಯಜಮಾನರು ಫಕ್ಕೀರಪ್ಪ. ಕುಮಾರಪಟ್ಟಣದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನನ್ನನ್ನು ಕಾಡಿಸುವುದೇ ಅವರ ನೌಕರಿ.

ನಾಲ್ಕು ದಿನ ಹಾಕಿದೆ. ಐದನೇ ದಿನ ಅನ್ನ ಬೆಂದ ಮೇಲೆ ನೆನಪಾಯಿತು. ಆರನೇ ದಿನ ಉಂಡ ಮೇಲೆ. ಆಮೇಲೆ ನೆನಪಾಗುವುದು ಡೈರಿ ತೆರೆದಾಗಲೇ. ಹಿಡಿ ಅಕ್ಕಿ ಮರೆತರೂ, ಮರೆತದ್ದನ್ನು ಬರೆಯಲು ಮಾತ್ರ ಒಂದು ದಿನವೂ ಮರೆಯಲಿಲ್ಲ. ‘ಇಂದೂ ಸಿದ್ದವ್ವನನ್ನು ನೆನೆಯಲಿಲ್ಲ. ಮನಸ್ಸಿಗೆ ಭಾರ.’ ಇಂಥ ಇಪ್ಪತ್ತಾರು ಭಾರಗಳು ಬಹಳ ಚೆಂದದ ಅಕ್ಷರದಲ್ಲಿ ಕೂಡಿಬಿದ್ದವು. ತಿಂಗಳು ಮುಗಿಯಿತು. ಶನಿವಾರ ಓಣಿಯ ತುದಿಯ ಅಂಗಡಿಯಿಂದ ಅಕ್ಕಿ ತಂದು ಡಬ್ಬಿ ತುಂಬಿಸಿದೆ.

ಭಾನುವಾರ ಆರಾಧನೆ ಮುಗಿಸಿಕೊಂಡು ಮೂವರೂ ಬ್ಯಾಡಗಿಗೆ ರೈಲು ಹತ್ತಿದೆವು. ಕೂತ ಸ್ವಲ್ಪ ಹೊತ್ತಿಗೇ ದೊಡ್ಡವ್ವ ಡಬ್ಬಿಯ ಮುಚ್ಚಳ ತೆಗೆದು ಅಕ್ಕಿಯಲ್ಲಿ ಬೆರಳಾಡಿಸಿದರು.

“ಅಲ್ಲ ಅರುಣಾ, ನಿಮ್ಮ ಮನ್ಯಾಗ ಅಕ್ಕಿಗೆ ಹುಳ ಬೀಳಂಗಿಲ್ಲೇನು?”

“ಇಲ್ರಿ ದೊಡ್ಡವ್ವ.”

“ಚಲೋ ಆತು ಬಿಡು. ನಮ್ಮ ಡಬ್ಬಿಯಾಗ ಎಲ್ಲಾ ಬೆರಕಿ. ಒಂದಿನ ರೇಷನ್ ಅಕ್ಕಿ, ಒಂದಿನ ಅಂಗಡಿದು, ಅಕ್ಕಿ ತೀರಿದ ದಿನ ಜ್ವಾಳ. ನಿನ್ನವು ನೋಡು, ಎಲ್ಲಾ ಒಂದ ತಾಯಿ ಮಕ್ಕಳಿದ್ದಂಗ ಅದಾವು.”

“ಡಿಗ್ರಿ ಮಾಡಿದಾಕಿ ಅಕ್ಕಿ ಅದು. ಪಾಲಿಶ್ ಆಗಿರತೈತಿ,” ಎಂದರು ಫಕ್ಕೀರಪ್ಪ, ಕಿಟಕಿಯ ಹೊರಗೆ ನೋಡುತ್ತಲೇ.

ನಾನು ಡಬ್ಬಿ ತೆಗೆದುಕೊಂಡು ಮುಚ್ಚಳ ಒತ್ತಿ ಹಾಕಿದೆ. ಅವರು ಇತ್ತ ತಿರುಗಿದರು.

“ನಮ್ಮಾಕಿ ಮೊದಲನೇ ಡಬ್ಬಿ ಕತಿ ಕೇಳೀಯೇನು? ತಳಕ್ಕ ಹಳೇ ಸೀರಿ ತುರುಕಿ ಮ್ಯಾಲ ಎರಡ ಹಿಡಿ ಅಕ್ಕಿ ಹರವಿದ್ಲು. ಆಗ ಆಕಿಗೆ ಕಲಿಸಾಕತ್ತಿದ್ದಾಕಿ ಕರಿಯವ್ವಾಯಿ. ಆ ಆಯಿ ಸಭಾದಾಗ ಡಬ್ಬಿ ಬೋರಲ ಹಾಕಿದ್ಲು. ಎರಡ ಹಿಡಿ ಅಕ್ಕಿ ಬಿತ್ತು, ಅದರ ಬೆನ್ನ ಹಿಂದ ಸೀರಿ ಬಂತು.”

“ನಲವತ್ತ ವರ್ಷ ಆತು, ಆ ಸೀರಿ ಮಡಚಿ ಇಡವಲ್ರು ಇವರು,” ಎಂದು ದೊಡ್ಡವ್ವ ನಕ್ಕರು.

“ಆಯಿ ಬೈದ್ರೇನ್ರಿ?” ಎಂದೆ.

“ಬೈಲಿಲ್ಲ. ಸೀರಿ ಝಾಡಿಸಿ ಕೈಗೆ ಕೊಟ್ಟು, ನಾಳಿಂದ ಅಕ್ಕಿ ಹಾಕು ಅಂದ್ಲು. ನಾ ಅತ್ತುಬಿಟ್ಟೆ. ಮರುದಿನ ಹಾಕಿದೆ.”

ಹೇಳಿ ದೊಡ್ಡವ್ವ ನನ್ನ ಮುಖ ನೋಡಿದರು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು. ನಾನು ಕಿಟಕಿಯ ಸರಳುಗಳನ್ನು ನೋಡುತ್ತ ಕೂತೆ. ಬ್ಯಾಡಗಿ ಬಂದುಬಿಟ್ಟಿತು.

ಸಿದ್ದವ್ವಾಯಿಯ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವರ ಕೆಲಸ. ಮೂವರೂ ಸೀನುತ್ತಲೇ ಹೊಸ್ತಿಲು ದಾಟಿದೆವು. ಆಯಿ ಗೋಡೆ ಹಿಡಿದು ಎದ್ದು, ಡಬ್ಬಿಯನ್ನು ಒಂದು ಕಡೆ ಇಟ್ಟು, ನನ್ನ ಎರಡೂ ಕೈ ಹಿಡಿದುಕೊಂಡರು.

“ಈಕೀನ ಏನು ಆ ಹುಡುಗಿ? ಮುಂಜಾನಿ ಎಂಟಕ್ಕ ಅನ್ನಕ್ಕಿಟ್ಟು ನನ್ನ ಹೆಸರು ತಗೋತಾಳಂತ ಭರಮವ್ವ ಹೇಳಿದ್ಲು. ಅವತ್ತಿಂದ ನಾನೂ ಎಂಟಕ್ಕ ಕೈ ತೊಳಕೊಂಡು ಇಲ್ಲೇ ಕುಂದರತೀನವ್ವ.”

“ಕಾಲು ಈಗ ಹೆಂಗೈತಿ?” ಎಂದು ಫಕ್ಕೀರಪ್ಪ ಕೇಳಿದರು.

“ಕಾಲು ಹಂಗ ಐತಿ. ನಿಮ್ಮ ಕೂಡ ಓಟದ ಪಂದ್ಯಕ್ಕ ನಿಲ್ಲಾಕ ಆಗಂಗಿಲ್ಲ. ಆದರ ಮೊದಲಿನಂಗ ಒಬ್ಬಾಕಿನ ಕುಂತೇನಿ ಅನ್ನಿಸಿಲ್ಲ. ರಾಣೆಬೆನ್ನೂರಾಗ ಒಂದು ಕೂಸು ನನ್ನ ಸಂಗಾಟ ಕುಂತೈತಿ ಅನಕೊಂತ ಒಂದು ತಿಂಗಳು ಕಳದೆ.”

ದೊಡ್ಡವ್ವ ಸೆರಗಿನ ಅಂಚು ಸರಿಪಡಿಸಿಕೊಂಡರು.

“ಇವತ್ತ ಎದುರಿಗೇ ಮಾಡವ್ವ,” ಎಂದರು ಆಯಿ. “ನಿನ್ನ ದನಿ ಹೆಂಗೈತೋ ಕೇಳೂಣು.”

ಕೂತೆವು. ಆಯಿ ತಲೆ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದರು. ದೊಡ್ಡವ್ವನೂ ಮುಚ್ಚಿದರು. ನನ್ನ ಚೀಲದೊಳಗೆ ಡೈರಿ ಇತ್ತು, ಡೈರಿಯೊಳಗೆ ಎರಡು ಸಲ ತಿದ್ದಿ ಬರೆದ ಪ್ರಾರ್ಥನೆ. ‘ಪ್ರತಿದಿನವೂ ನಿನ್ನ ಸನ್ನಿಧಿಯಲ್ಲಿ ಈ ತಾಯಿಯನ್ನು ನೆನೆದಂತೆಯೇ’ ಎಂದು ಅದರ ಮೊದಲ ಸಾಲು. ಓದಿದರೆ ಎಲ್ಲರೂ ಆಮೆನ್ ಎನ್ನುತ್ತಿದ್ದರು. ನಾಲ್ಕು ಗಂಟೆಯ ರೈಲಿಗೆ ಹಿಂದಿರುಗುತ್ತಿದ್ದೆವು. ನಾಳೆ ಎಂಟಕ್ಕೆ ಆಯಿ ಮತ್ತೆ ಕೈ ತೊಳೆದುಕೊಂಡು ಕೂರುತ್ತಿದ್ದರು.

ಪ್ರಾರ್ಥನೆ ಶುರುವಾಗದ್ದಕ್ಕೆ ಫಕ್ಕೀರಪ್ಪ ಒಂದೇ ಕಣ್ಣು ತೆರೆದರು. “ಪೆನ್ನು ಬೇಕೇನು?” ಎಂದು ಪಿಸುಗುಟ್ಟಿದರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ ಮೊಣಕೈಯಿಂದ ತಿವಿದರು.

ಆಯಿಯ ಒಂದು ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಎಷ್ಟು ತೊಳೆದರೂ ಹೋಗದ ಖಾರ, ನನ್ನ ಬೆರಳ ಸಂದಿಯಲ್ಲೆಲ್ಲ ಚುರುಗುಡತೊಡಗಿತ್ತು.

“ಆಯಿ,” ಎಂದೆ. “ನಾ ನಾಲ್ಕ ದಿನ ಅಷ್ಟ ಕುಂತಿದ್ದೆ. ಉಳಿದ ದಿನ ನೀವು ಒಬ್ಬರ ಇದ್ರಿ.”