ಒಂದು ಗೇಣು ದೂರ

“ಲಿಂಗ ತೆಗದಿಟ್ಟು ಬಾ ಅಂತ ಹೇಳಾಕ ಆಕಿ ಯಾರು?” ಎನ್ನುತ್ತ ವೀರೇಶ್ ಹೆಂಡತಿಯ ಮೊಬೈಲನ್ನು ಊಟದ ಮೇಜಿನ ಮೇಲೆ ದೂಡಿದ. ಅದು ಜಾರಿ ಉಪ್ಪಿನಕಾಯಿ ಭರಣಿಗೆ ತಾಗಿ ನಿಂತಿತು.

“ತೆಗದಿಡು ಅಂದಿಲ್ಲರಿ. ಬೀಕನ್ನಿನಿಂದ ಒಂದು ಗೇಣು ದೂರ ಇರಲಿ ಅಂದಾಳ,” ಎಂದಳು ಅರುಣಾ. “ಲಿಂಗ ಅಂತನೂ ಅಂದಿಲ್ಲ, ಪಾಪ, ಆಕಿಗೇನ್ ಗೊತ್ತು? ಮೊಬೈಲು, ಕೀಲಿಕೈ, ಬೆಳ್ಳಿ ಬಂಗಾರ ಯಾವುದೂ ಎದಿ ಹತ್ರ ಬ್ಯಾಡ ಅಂದಾಳ.”

“ಎಲ್ಲಾ ಒಂದ. ಇದು ನಮ್ಮಜ್ಜನ ಕಾಲದ ಕರಡಗಿ. ಎದಿ ಬಿಟ್ಟು ಇಳಿಯಂಗಿಲ್ಲ,” ಎಂದು ವೀರೇಶ್ ಅಂಗಿಯೊಳಗೆ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿಕೊಂಡ.

ಆಕಿ ಎಂದರೆ ಮಾರಿಟ್. ನಾರ್ವೆಯ ಉತ್ತರ ತುದಿಯಲ್ಲಿ, ರಸ್ತೆ ಮುಗಿದು ದೋಣಿಯೇ ಗತಿಯಾದ ಬೆಟ್ಟಗಳಲ್ಲಿ, ಸ್ಕೀ ಕಟ್ಟಿಸಿ ಜನರನ್ನು ಕರೆದೊಯ್ಯುವ ಗೈಡ್. ಮೇಲೆ ಎತ್ತಿಕೊಂಡು ಹೋಗುವ ಹಗ್ಗದ ತೊಟ್ಟಿಲುಗಳು ಅಲ್ಲಿಲ್ಲ. ಸ್ಕೀ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಸ್ವಂತ ಕಾಲಲ್ಲೇ ಹತ್ತಬೇಕು, ಪಟ್ಟಿ ಕಿತ್ತು ಜಾರಿ ಇಳಿಯಬೇಕು. ಹಿಮ ಕುಸಿದು ಯಾರಾದರೂ ಹೂತುಹೋದರೆ ಹುಡುಕುವುದಕ್ಕೆ ಬೀಕನ್ ಎಂಬ ಅಂಗೈಯಗಲದ ಯಂತ್ರ ಪ್ರತಿಯೊಬ್ಬರ ಎದೆಯ ಮೇಲಿರಬೇಕು. ಹೂತುಹೋದವರ ಯಂತ್ರ ಕೂಗುತ್ತದೆ, ಜೋಡಿಯವರ ಯಂತ್ರ ಆ ಕೂಗನ್ನು ಹಿಡಿಯುತ್ತದೆ. ನಡುವೆ ಲೋಹ ಬಂದರೆ ಕೂಗು ಕೆಡುತ್ತದಂತೆ. ಹೀಗಾಗಿ ಮಾರಿಟ್ ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆ, ನಿನ್ನನ್ನು ಹುಡುಕುವವರು ಯಾರು ಎಂದು. ಅರುಣಾ ಹಿಂದೆಮುಂದೆ ನೋಡದೆ ನನ್ನ ಗಂಡ ಎಂದು ಬರೆದಿದ್ದಳು.

ಈ ಹುಚ್ಚು ಹಚ್ಚಿದವನೂ ಅವನೇ. ಗುಲ್ಮಾರ್ಗಿಗೆ ಪ್ರವಾಸ ಹೋದಾಗ ಇಬ್ಬರೂ ಸ್ಕೀ ಕಲಿತಿದ್ದರು. ಅರುಣಾಳಿಗೆ ಅದು ಮೈಗೆ ಹತ್ತಿತು, ಪ್ರತಿ ಚಳಿಗಾಲ ಹೋಗುವಂತಾಯಿತು. ಕುರುಗೋಡಿನ ನೆಂಟರ ಗೃಹಪ್ರವೇಶದಲ್ಲಿ ಐವತ್ತು ಜನರ ಪಂಕ್ತಿಯ ನಡುವೆ ವೀರೇಶ್, “ಬರೋ ವರ್ಷ ನಾವಿಬ್ರೂ ಭೂಮಿ ತುದಿಗೆ ಹೊಂಟೀವಿ” ಎಂದು ಸಾರಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಳಿಗೆ ಬಡಿಸುವವರೂ ನಿಂತು ಕೇಳಿದರು.

ಅಂದಿನಿಂದ ಅವನಿಗೆ ನೆಲವೆಲ್ಲ ಡೊಂಕು. ಮೊದಲು ಮೊಣಕಾಲು ನೋವೆಂದ. ಬಳ್ಳಾರಿಯ ಗಾಂಧಿನಗರದಲ್ಲಿ ಹತ್ತು ವರ್ಷದಿಂದ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದ ಹೆಂಡತಿಯ ಮುಂದೆ ಆ ನೋವು ಎಷ್ಟು ದಿನ ನಿಂತೀತು? ಅವಳು ಬೆನ್ನಿಗೆ ಅಕ್ಕಿ ಮೂಟೆ ಹೇರಿಸಿ ಕುರುಗೋಡು ಬೆಟ್ಟ ಹತ್ತಿಸಿದಳು, ಗಟ್ಟಿಯಾಗಿಯೇ ಹತ್ತಿದ. ಆಮೇಲೆ ಊಟದ ಚಿಂತೆ ಬಂತು. ಕಟಿ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದು ಎಂದು ಮಾರಿಟಳಿಂದಲೇ ಬರೆಸಿ ತರಿಸಿದಳು. ಈಗ ಲಿಂಗ.

ಅರುಣಾಳಿಗೆ ಸಿಟ್ಟು ಬಂದದ್ದು ಇದಕ್ಕೇ. ದಾಡಿ ಮಾಡುವಾಗ ಅದೇ ಕರಡಿಗೆಯನ್ನು ಬಚ್ಚಲ ನಲ್ಲಿಗೆ ಸಿಕ್ಕಿಸಿ ಹಾಗೇ ಹೋಗಿಬಿಡುವ ಗಂಡಸು ಇವನು. ಒಮ್ಮೆ ಅತ್ತೆ ಕೊಟ್ರಬಸಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಸ್ಸು ಹತ್ತಿ, ಸಿರುಗುಪ್ಪದ ಅವನ ಅಕ್ಕಿ ಮಿಲ್ಲಿಗೆ ಒಯ್ದು ಮಗನ ಕೊರಳಿಗೆ ಹಾಕಿ ಬಂದಿದ್ದರು. ಅಂಥವನ ಬಾಯಲ್ಲಿ ಎದೆ ಬಿಟ್ಟು ಇಳಿಯುವುದಿಲ್ಲವೆಂಬ ಮಾತು.

ಆದರೂ ಅವಳು ಹಲಕುಂದಿ ಮಠಕ್ಕೆ ಹೋಗಿ ಹಿರಿಯ ಅಯ್ಯನವರನ್ನು ಕೇಳಿ ಬಂದಳು. “ಅರಿವ್ಯಾಗ ಕಟ್ಟಿ ತೋಳಿಗೆ ಹಾಕ್ಕೊಳ್ಳವ್ವ. ತೋಳೂ ಮೈನ ಅಲ್ಲೇನು?” ಎಂದು ಅವರು ನಕ್ಕಿದ್ದರು. ಅರುಣಾ ಬಿಳಿ ಬಟ್ಟೆಯಲ್ಲಿ ಎರಡು ಪಟ್ಟಿ ಹೊಲಿದು, ಒಂದರಲ್ಲಿ ತನ್ನ ಲಿಂಗವನ್ನು ಇಟ್ಟು ತೋಳಿಗೆ ಕಟ್ಟಿಕೊಂಡಳು. ಇನ್ನೊಂದು ಅವನ ಮಂಚದ ಮೇಲೆ ವಾರ ಪೂರ್ತಿ ಬಿದ್ದಿತ್ತು.

ಮಾರಿಟಳ ಬಳಿ ಉಳಿದದ್ದು ಎರಡೇ ಜಾಗ. ಅಲ್ಲಿಯವಳೇ ಒಬ್ಬಳು ಶಾಲೆಯ ಟೀಚರ್ ಜೋಡಿ ಸಿಗದೆ ಕಾಯುತ್ತಿದ್ದಳು. ಇಬ್ಬರೂ ಹುಡುಕುವ ಅಭ್ಯಾಸ ಮಾಡಿ, ಬರುವುದೋ ಇಲ್ಲವೋ ಭಾನುವಾರ ಸಂಜೆಯೊಳಗೆ ಹೇಳಿ ಎಂದು ಮಾರಿಟ್ ಬರೆದಿದ್ದಳು. ಬಳ್ಳಾರಿಯಲ್ಲಿ ಹಿಮ ಎಲ್ಲಿ ತರುವುದು? ಬೆಂಗಳೂರಿನಿಂದ ಬಾಡಿಗೆಗೆ ತರಿಸಿದ ಎರಡು ಬೀಕನ್ ಹಿಡಿದು ಗಂಡ ಹೆಂಡತಿ ಭಾನುವಾರ ಮಧ್ಯಾಹ್ನ ದೇಶನೂರಿನ ತಮ್ಮ ಗದ್ದೆಗೆ ಬಂದರು. ಭತ್ತದ ಕೊಯ್ಲು ಮುಗಿದು ಆಳೆತ್ತರದ ಹುಲ್ಲಿನ ಬಣವೆಗಳು ಎದ್ದಿದ್ದವು.

“ಮೊದಲು ನೀವು ಒಳಗ ಹೋಗ್ರಿ, ನಾ ಹುಡುಕ್ತೀನಿ. ಪಟ್ಟಿ ಕಟ್ಟಿಕೊಂಡೀರಿಲ್ಲೋ?”

“ಮನ್ಯಾಗ ಮರತು ಬಂದೆ,” ಎಂದ ವೀರೇಶ್. ಎಂದವನೇ ಕೊರಳಿನಿಂದ ಕರಡಿಗೆ ತೆಗೆದು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಚಿಲಕಕ್ಕೆ ನೇತುಹಾಕಿದ. ಟವೆಲ್ ಹಾಕಿದಷ್ಟೇ ಸಲೀಸಾಗಿ. ಅರುಣಾ ನೋಡಿದಳು.

ಅವಳು ಬೆನ್ನು ತಿರುಗಿಸಿ ನಿಂತು, ಸಾಕಷ್ಟು ಹೊತ್ತು ಬಿಟ್ಟು, ಯಂತ್ರ ಹಿಡಿದು ನಡೆದಳು. ಅಂಕಿ ಇಳಿಯುತ್ತ ಹೋಯಿತು, ಕೂಗು ಚುರುಕಾಯಿತು. ಮೂರನೆಯ ಬಣವೆಯ ಬುಡದಲ್ಲಿ ಮಂಡಿಯೂರಿ ಎರಡೂ ಕೈಯಿಂದ ಹುಲ್ಲು ಕಿತ್ತಳು. ಸಂತೋಷವಾಗುತ್ತಿತ್ತು. ಕೈಗೆ ಸಿಕ್ಕಿದ್ದು ಬೀಕನ್ ಒಂದೇ.

ವೀರೇಶ್ ಬೇವಿನ ಮರದ ಹಿಂದಿನಿಂದ ಚಹಾದ ಲೋಟ ಹಿಡಿದು ಬಂದ. “ಒಳಗ ಉಸಿರು ಕಟ್ಟಿದಂಗಾತು. ಯಂತ್ರ ಸಿಕ್ತಲ್ಲ, ಮತ್ತೇನು?”

“ಯಂತ್ರ ಹುಡುಕಾಕ ಅಷ್ಟು ದೂರ ಹೋಗಬೇಕೇನ್ರಿ?”

ಅವನು ಚಹಾ ಹೀರಿದ.

“ಅಂಜಿಕಿ ಆಗತೈತಿ ಅಂತ ಒಂದು ಮಾತು ಹೇಳ್ರಿ. ನಾ ಏನೂ ಅನ್ನಂಗಿಲ್ಲ. ಯಾರಿಗೂ ಹೇಳಂಗೂ ಇಲ್ಲ.”

“ಅಂಜಿಕಿ ಯಾಕ? ಊರ ಮುಂದ ಹೇಳೀನಿ, ಬಂದಾ ಬರ್ತೀನಿ.”

“ಹಂಗಾರ ಈಗ ನಾ ಒಳಗ ಹೋಗ್ತೀನಿ, ನೀವು ಹುಡುಕ್ರಿ. ಮೊಬೈಲ್ ಬಂದ್ ಮಾಡ್ರಿ, ಇಲ್ಲಾಂದ್ರ ಯಂತ್ರಕ್ಕ ಕೇಳಸಂಗಿಲ್ಲ.”

ಬಣವೆಯ ಒಳಗೆ ಕತ್ತಲು, ಬೆಚ್ಚಗೆ, ಮೂಗಿನ ತುಂಬ ಹುಲ್ಲಿನ ದೂಳು. ಎದೆಯ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಅರುಣಾ ಕಾಯ್ದಳು. ಅವನ ಚಪ್ಪಲಿಯ ಸದ್ದು ಒಮ್ಮೆ ಆ ಕಡೆ ಹೋಯಿತು, ಮತ್ತೆ ಈ ಕಡೆ ಬಂತು, ಹತ್ತಿರ ಬಂತು. ತಲೆಯ ಮೇಲಿನ ಹುಲ್ಲು ಅಲುಗಿತು. ಬಂದರು ಎಂದುಕೊಂಡಳು.

“ಅರುಣಾ, ಎಲ್ಲಿದ್ದಿ? ಒಂದು ಕೂಗು ಹಾಕು ನೋಡೋಣ.”

ಹಿಮದ ಅಡಿಯಿಂದ ಯಾರು ಕೂಗುತ್ತಾರೆ? ಅಷ್ಟರಲ್ಲಿ ಅವನ ಮೊಬೈಲ್ ಹೊಡೆದುಕೊಂಡಿತು. “ಆ, ಚೆಪ್ಪಂಡಿ, ಚೆಪ್ಪಂಡಿ,” ಎಂದಿತು ತೆಲುಗಿನಲ್ಲಿ ವೀರೇಶನ ದನಿ. ಆದೋನಿಯ ವ್ಯಾಪಾರಿ ಇರಬೇಕು. ಲೋಡು, ನುಚ್ಚು, ಲಾರಿ ಎಂಬ ಮಾತುಗಳು ಬದುವಿನುದ್ದಕ್ಕೂ ದೂರ ಹೋಗುತ್ತ ಹೋಗುತ್ತ ಕೇಳಿಸದಾದವು.

ಅವಳು ಇನ್ನೂ ಕಾಯ್ದಳು. ಬೆವರಿಗೆ ಹುಲ್ಲು ಅಂಟಿ ಕೊರಳು ಕಡಿಯತೊಡಗಿತು. ಆಮೇಲೆ ಯಾರೋ ಸರಕ್ಕನೆ ಹುಲ್ಲು ಎಳೆದರು, ಬೆಳಕು ಬಿತ್ತು. ಎಮ್ಮೆಗೆ ಮೇವು ಹಿರಿಯಲು ಬಂದಿದ್ದ ಗದ್ದೆಯ ಆಳು ಗಾದೆಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ಒಳಗ ಇದ್ರೇನವ್ವಾ? ಸಾವ್ಕಾರ್ರು ಹುಡುಕಲಿಲ್ಲೇನು?”

“ಹುಡುಕಾಕತ್ಯಾರ,” ಎಂದಳು ಅರುಣಾ.

ವೀರೇಶ್ ದೂರದ ಕಾಲುವೆಯ ಏರಿಯ ಮೇಲೆ ಬೆನ್ನು ಮಾಡಿ ನಿಂತು ಕೈಯಾಡಿಸುತ್ತ ಮಾತಾಡುತ್ತಿದ್ದ. ಅವಳಿಗೆ ಅಳು ಬರಲಿಲ್ಲ. ಬಣವೆಗೆ ಒರಗಿ ಕೂತು ಮಾರಿಟಳಿಗೆ ಬರೆದಳು, ನಾನೊಬ್ಬಳೇ ಬರುತ್ತೇನೆ, ಆ ಟೀಚರನ್ನು ನನ್ನ ಜೋಡಿ ಮಾಡು ಎಂದು. ಕಳಿಸಿದ ಮೇಲೆ ತಲೆಗೂದಲಿನ ಹುಲ್ಲು ಒಂದೊಂದಾಗಿ ಆರಿಸಿಕೊಂಡಳು.

“ಎದ್ದು ಬಂದ್ಯಾ? ಇನ್ನೇನು ಸಿಕ್ಕಿದ್ದಿ,” ಎನ್ನುತ್ತ ಬಂದ ವೀರೇಶ್.

“ಆಕಿಗೆ ಬರದೆ. ನಾ ಒಬ್ಬಾಕಿನ ಹೋಗ್ತೀನಿ. ಲಿಂಗದ ಸಲುವಾಗಿ ನೀವು ನಿಂತ್ರಿ ಅಂತ ಹೇಳ್ರಿ ಊರಾಗ, ನಾನೂ ಹಂಗ ಹೇಳ್ತೀನಿ.”

ಅವನ ಮುಖ ಕೆಂಪಾಯಿತು, ಆಮೇಲೆ ಸಡಿಲಾಯಿತು. ಕಾರಿನ ಕಡೆ ನಡೆದ. ಇಂಜಿನ್ ಶುರುಮಾಡಿ ಅವಳು ಹತ್ತಲೆಂದು ಕಾಯ್ದ.

ಅರುಣಾ ಬಾಗಿಲು ತೆಗೆದವಳು ಪಂಪ್‌ಸೆಟ್ಟಿನ ಕಡೆ ನೋಡಿದಳು. ಹೋಗಿ, ಚಿಲಕದಲ್ಲಿ ತೂಗುತ್ತಿದ್ದ ಕರಡಿಗೆಯನ್ನು ಬಿಡಿಸಿ, ದೂಳು ಊದಿ, ಕಣ್ಣಿಗೊತ್ತಿಕೊಂಡು ತಂದಳು. ವೀರೇಶ್ ನೇರ ರಸ್ತೆಯನ್ನೇ ನೋಡುತ್ತಿದ್ದ, ಕೈ ಚಾಚಲಿಲ್ಲ. ಅವಳು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ತನ್ನ ಬೀಕನ್ನನ್ನೂ ಬಿಚ್ಚಿ ಅಲ್ಲಿಯೇ ಇಟ್ಟಳು. ಯಾರೂ ಹುಡುಕಿ ಆರಿಸಿರಲಿಲ್ಲವಾಗಿ ಅದರ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು. ಕಾಲುವೆ ದಾರಿಯ ತಗ್ಗುಗಳಲ್ಲಿ ಕಾರು ಕುಲುಕಿದಾಗಲೆಲ್ಲ ಕರಡಿಗೆ ಜಾರಿ ಬೀಕನ್ನಿನ ಕಡೆ ಬರುತ್ತಿತ್ತು. ಅರುಣಾ ಪ್ರತಿ ಸಲವೂ ಹೆಬ್ಬೆರಳು ಕಿರುಬೆರಳು ಚಾಚಿ ಅಳೆದು ಅದನ್ನು ಒಂದು ಗೇಣು ದೂರಕ್ಕೆ ಸರಿಸಿ ಇಡುತ್ತಿದ್ದಳು.