ಕರೆಯೋ ಪದದ ಮೇಲೆ ಗಿಟಾರು

ರಾಕ್ ಗಿಟಾರ್ ನುಡಿಸುವವನ ಹಣೆಬರಹವನ್ನು ಮದ್ದೂರಿನಲ್ಲಿ ಬರೆಯಬಾರದಿತ್ತು. ಶಶಿಧರನದು ಅಲ್ಲೇ ಬರೆದಾಗಿತ್ತು, ಏನು ಮಾಡುವುದು? ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ‘ಕೆಂಡ’ ಎಂಬ ಬ್ಯಾಂಡಿಗೆ ಇವನೇ ಮುಖ್ಯ ಗಿಟಾರಿಸ್ಟು. ಇವನು ತಂತಿ ಎಳೆದರೆ ಕಾಲೇಜು ಹುಡುಗರು ಮೈಮೇಲೆ ಎಚ್ಚರವಿಲ್ಲದೆ ತಲೆ ಕೊಡವುತ್ತಿದ್ದರು. ಎರಡು ಆಲ್ಬಂ ಬಂದವು. ಎರಡನೆಯದಕ್ಕೆ ಇವನೇ ನಿರ್ಮಾಪಕ, ಅದರ ಸೀಡಿಗಳು ಇವತ್ತಿಗೂ ಮನೆಯ ಅಟ್ಟದ ಮೇಲೆ ಭದ್ರವಾಗಿವೆ. ಹಾಡುವವನು ಸಿನಿಮಾ ಕಡೆ ಹೋದ. ಡ್ರಮ್ ಬಾರಿಸುತ್ತಿದ್ದ ಸ್ವರೂಪ್ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಭತ್ತದ ತಳಿಗಳನ್ನು ನೋಡಿಕೊಂಡು ತಣ್ಣಗಿದ್ದ. ಶಶಿಧರ ಮಾತ್ರ ಊರಿಗೆ ಬಂದು, ಗೊಬ್ಬರದಂಗಡಿಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದು, ಗೋಡೆಗೆಲ್ಲ ಸ್ಪಂಜು ಅಂಟಿಸಿ ರೆಕಾರ್ಡಿಂಗ್ ಸ್ಟುಡಿಯೋ ತೆರೆದ.

ಬಂದವರೋ ಒಬ್ಬರಿಗಿಂತ ಒಬ್ಬರು. ಲೀಡರ್ ಹುಟ್ಟುಹಬ್ಬಕ್ಕೊಂದು ಹಾಡು, ಅಯ್ಯಪ್ಪನಿಗೊಂದು, ಕಬ್ಬು ಹೊಡೆಯುವ ಟ್ರಾಕ್ಟರಿನಲ್ಲಿ ಹಾಕಿಕೊಳ್ಳಲು ಎದೆ ನಡುಗುವಂಥದ್ದೊಂದು. ಪ್ರತಿ ಹಾಡಿಗೂ ಶಶಿಧರ ಆಸೆಪಟ್ಟು ಗಿಟಾರ್ ಕೂರಿಸುತ್ತಿದ್ದ. ಪ್ರತಿಯೊಬ್ಬರೂ ಕೊನೆಗೆ ಹೇಳುತ್ತಿದ್ದುದು ಒಂದೇ ಮಾತು: “ಎಲ್ಲಾ ಚೆಂದಾಗದೆ, ಆ ಕಿರ್ ಅನ್ನದು ಒಸಿ ಕಮ್ಮಿ ಮಾಡಣ್ಣ.” ಕಮ್ಮಿ ಮಾಡಿ ಮಾಡಿ ಆಸಾಮಿಯ ಕೂದಲು ನೆರೆಯಿತು. ಸಾಯುವುದರೊಳಗೆ ಒಂದೇ ಒಂದು ಹಾಡಿನಲ್ಲಿ ತನ್ನ ಗಿಟಾರು ಪೂರ್ತಿ ಉಳಿದು ನಾಲ್ಕು ಜನರ ಕಿವಿಗೆ ಬೀಳಬೇಕು ಎನ್ನುವುದಷ್ಟೇ ಅವನಿಗಿದ್ದ ಹಟ. “ಆ ಹಟ ಸಾಕು ಮಾಡಿ, ಪೋಲೀಸರಂತೆ ಮುಖ ಮಾಡ್ಕೊಂಡು ಊಟಕ್ಕೆ ಕೂರ್ಬೇಡಿ” ಎಂದು ಹೆಂಡತಿ ವೀಣ ರೇಗುತ್ತಿದ್ದಳು.

ಅಂಥ ಹೊತ್ತಿಗೆ ಮಳವಳ್ಳಿ ಕಡೆಯ ರಾಜೇಂದ್ರ ಬಂದ. ಅವನ ಊರಿನಲ್ಲಿ ಪಟ್ಟಲದಮ್ಮನ ಗುಡಿಯನ್ನು ಹೊಸದಾಗಿ ಕಟ್ಟಿದ್ದರು, ಕಮಿಟಿಗೆ ಅವನೇ ಅಧ್ಯಕ್ಷ. ಗುಡಿಯ ಪ್ರವೇಶದ ದಿನ ಮೈಕಿನಲ್ಲಿ ಹಾಕಲು, ಎಲ್ಲರ ಫೋನಿಗೂ ಕಳಿಸಲು ಅಮ್ಮನ ಪದ ಬೇಕಿತ್ತು. ಹಾಡುವವಳು ಅವನ ಚಿಕ್ಕವ್ವ ಪುಟ್ಟಮಾದಮ್ಮ.

“ಗಿಟಾರ್ ಹಾಕ್ತೀನಿ, ಜೋರಾಗೇ ಇರುತ್ತೆ” ಎಂದು ಶಶಿಧರ ಮೊದಲೇ ಹೇಳಿಬಿಟ್ಟ.

“ಏನಾರ ಹಾಕ್ಕೊ. ಚಿಕ್ಕವ್ವನ ಗಂಟ್ಲು ಕೇಳುಸ್ಬೇಕು, ಅಷ್ಟೆಯ” ಎಂದ ರಾಜೇಂದ್ರ. ಇಂಥ ಗಿರಾಕಿಯನ್ನು ಶಶಿಧರ ಜನ್ಮದಲ್ಲಿ ಕಂಡಿರಲಿಲ್ಲ.

ಪುಟ್ಟಮಾದಮ್ಮ ಬಂದಳು. ದನಿಗೆ ದನಿ ಕೂಡಿಸಿ ಸೊಲ್ಲು ಹಿಡಿಯಲು ಜೊತೆಯಲ್ಲಿ ಇಬ್ಬರು ಹೆಂಗಸರು. ಗಾಜಿನ ಕೋಣೆಯೊಳಗೆ ಹೋಗುವ ಮುಂಚೆಯೇ ಆಕೆ ತನ್ನ ಕಟ್ಟುಪಾಡು ಹೇಳಿದಳು.

“ನೋಡಪ್ಪ, ಮೊದ್ಲು ಅಮ್ಮುನ್ನ ಕರೆಯೋ ಪದ. ಆಮ್ಯಾಕೆ ಅವ್ಳ್ ಕತೆ. ಕಡೇಲಿ ಕಳ್ಸೋ ಪದ. ಕರೆಯೋದು ಒಂದೇ ಸತಿ. ಕರೆದ್ಬುಟ್ಟು ಕಳುಸ್ದೆ ಕೂರಂಗಿಲ್ಲ.”

“ಆಯ್ತಮ್ಮ, ಆಯ್ತಮ್ಮ” ಎಂದ ಶಶಿಧರ. ಅವನ ಕಣ್ಣು ಗಿಟಾರಿನ ಮೇಲಿತ್ತು. ಆ ಕೋಣೆಗೆ ಹೊರಗಿನ ಸದ್ದು ಒಂದು ಚೂರೂ ಹೋಗುವುದಿಲ್ಲ. ಹೊರಗೆ ಕೂತು ಅವನು ನುಡಿಸುವುದು ಆಕೆಗೆ ಕೇಳಬೇಕಾದರೆ ಕಿವಿಗೆ ಹೆಡ್‌ಫೋನ್ ಇಡಲೇಬೇಕು. ತಾನೇ ಇಟ್ಟು ಬಂದ. ಆಕೆ ಅದರ ಮೇಲೆ ಸೆರಗು ಹೊದ್ದು ಕೂತಳು.

ಆಕೆ ಕರೆಯೋ ಪದ ಎತ್ತಿದ್ದೇ ತಡ ಶಶಿಧರನ ರೋಮ ನೆಟ್ಟಗಾಯಿತು. ಗಂಟಲಲ್ಲ ಅದು, ಕಾದ ಬಾಣಲೆ. ಅದರ ತಾಳ ಹಿಡಿದು ಇವನೂ ಹೊರಟ, ಅರ್ಧಕ್ಕೆ ಬೆರಳು ಜಾರಿತು. ಕೋಣೆಯ ಬಾಗಿಲು ತೆರೆದು “ಇನ್ನೊಂದ್ಸಲ ಅಮ್ಮ” ಎಂದ. ಆಕೆ ಇವನ ಮುಖ ನೋಡಿದಳು, ಮತ್ತೆ ಹಾಡಿದಳು. ಈ ಸಲ ತಂತಿ ಶ್ರುತಿ ಬಿಟ್ಟಿತು. ಮತ್ತೆ ಬಾಗಿಲು ತೆರೆದ, “ಇನ್ನೊಂದೇ ಒಂದು.” ಮತ್ತೊಮ್ಮೆ ಎಲ್ಲ ಸರಿಯಾಗಿದ್ದರೂ ಇನ್ನೂ ಚೆನ್ನಾಗಿ ನುಡಿಸಬಹುದಿತ್ತು ಅನ್ನಿಸಿತು. ಸ್ಟುಡಿಯೋ ಕೆಲಸವೇ ಹಾಗೆ, ಒಂದು ತುಣುಕು ಸರಿಯಾಗುವ ತನಕ ಮುಂದಿನದಕ್ಕೆ ಕೈ ಹಾಕುವುದಿಲ್ಲ. ಆಕೆಯ ಕಡೆಯಿಂದ ಒಂದು ತಪ್ಪೂ ಇರಲಿಲ್ಲ, ಎಲ್ಲ ಇವನ ಗಿಟಾರಿನದೇ. ಜೊತೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

“ಸಾಕು ಕಣಪ್ಪ, ಕತೆಗೆ ಓಗಾನ” ಎಂದಳು ಪುಟ್ಟಮಾದಮ್ಮ. ಅವಳ ದನಿ ಸಣ್ಣಗಾಗಿತ್ತು.

“ಇದೇ ಕೊನೆ” ಎಂದು ಶಶಿಧರ ಮತ್ತೆ ಹಾಡಿಸಿದ. ಆ ಕೊನೆಗೂ ಇನ್ನೊಂದು ಕೊನೆ ಬಂತು.

ಆ ಸಲ ಬೆರಳು ಹೇಳಿದ ಮಾತು ಕೇಳಿತು. ಆಕೆ ದನಿ ಏರಿಸಿದಳು, ಇವನು ತಂತಿ ಏರಿಸಿದ. ನೋಡುನೋಡುತ್ತಿದ್ದಂತೆ ಗಾಜಿನಾಚೆ ಪುಟ್ಟಮಾದಮ್ಮ ತೂಗಾಡತೊಡಗಿದಳು. ಮುಡಿ ಬಿಚ್ಚಿತು. ಮೈಕಿನ ಕಂಬ ಮಗ್ಗುಲಿಗೆ ವಾಲಿತು.

“ನಿಲ್ಸಣ್ಣ, ನಿಲ್ಸು! ಅಮ್ಮ ಬಂದವ್ಳೆ!” ರಾಜೇಂದ್ರ ಕೂಗಿದ.

ಶಶಿಧರ ನಿಲ್ಲಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಜೀವ ಅವನ ಗಿಟಾರಿಗೆ ಮೈಮರೆತು ಕುಣಿಯುತ್ತಿತ್ತು. ಅದನ್ನು ನಿಲ್ಲಿಸುವುದೆಂದರೇನು? ಹಲ್ಲು ಕಚ್ಚಿ ನುಡಿಸಿದ, ಕಣ್ಣಲ್ಲಿ ನೀರು ಬಂದರೂ ನುಡಿಸಿದ. “ಎಷ್ಟ್ ಕರೀತಿರ್ರೋ ನನ್ನ! ಕರೆದ್ ಕರೆದು ಬಾಗ್ಲಲ್ಲೇ ನಿಲ್ಲುಸ್ತಿರ್ರೋ!” ಎಂದು ಒಳಗಿನಿಂದ ಅಬ್ಬರ ಕೇಳಿಸಿತು. ರಾಜೇಂದ್ರ ಕೆಳಗಿನ ಸೋಡಾ ಅಂಗಡಿಯಿಂದ ನಿಂಬೆಹಣ್ಣು ತಂದು, ಕೊಯ್ದು ನಿವಾಳಿಸಿ, ಹೆಂಗಸರು ಅಡ್ಡಬಿದ್ದು ಕಳ್ಸೋ ಪದ ಹಾಡಿದ ಮೇಲೆಯೇ ಆಕೆ ತಣ್ಣಗಾದದ್ದು.

ಅವರೆಲ್ಲ ಹೋದ ಮೇಲೆ ಶಶಿಧರ ಆ ರೆಕಾರ್ಡಿಂಗನ್ನು ಹಾಕಿ ಕೇಳಿದ. ಜೀವಮಾನದಲ್ಲಿ ಅಂಥದ್ದನ್ನು ನುಡಿಸಿರಲಿಲ್ಲ. ಸ್ವರೂಪ್‌ಗೆ ಫೋನ್ ಮಾಡಿ, “ಲೋ, ನನ್ನ ಗಿಟಾರಿಗೆ ದೇವ್ರು ಬಂತು ಕಣೋ” ಎಂದ. “ಕುಡ್ದಿದ್ದೀಯೇನ್ಲಾ?” ಎಂದ ಸ್ವರೂಪ್.

ಮಾರನೆಯ ದಿನ ರಾಜೇಂದ್ರ ಬಂದು ಅಡ್ಡಗಾಲು ಹಾಕಿದ. “ಕತೆ ಆಮ್ಯಾಕೆ ಹಾಡುಸಾನ, ಮೊದ್ಲು ಆ ಗಿಟಾರ್ ತಗ್ದಾಕಣ್ಣ. ಮನೆಮನೇಲೂ ಹಾಕ್ಕತ್ತರೆ. ಟ್ರಾಕ್ಟರ್ ಓಡುಸೋನ್ ಮೈಮ್ಯಾಲೆ ಅಮ್ಮ ಬಂದ್ರೆ ಕಬ್ಬು ಸಮೇತ ನಾಲೆಗೆ ಬೀಳ್ತಾನೆ. ಯಾರ್ ಜವಾಬ್ದಾರಿ?”

“ಇಷ್ಟು ವರ್ಷ ಸದ್ದು ಅಂತ ತೆಗೆಸಿದ್ರಿ. ಈಗ ದೇವ್ರು ಬರುತ್ತೆ ಅಂತ ತೆಗೆಸ್ತೀರಾ?” ಶಶಿಧರ ಹೌಹಾರಿ ಎದ್ದ. ಮೇಜಿನ ಮೇಲಿನ ಲೋಟ ಉರುಳಿತು. ಕೂಗಾಡಿದ, ಕೊನೆಗೆ ಅಂಗಲಾಚಿದ.

ರಾಜೇಂದ್ರ ತಲೆ ಕೆರೆದುಕೊಂಡ. “ಒಂದ್ ಕೆಲ್ಸ ಮಾಡು. ಚಿಕ್ಕವ್ವುನ್ನೇ ಕೇಳು. ನಿನ್ ಬಾಜ್ನೆಗೇ ಅಮ್ಮ ಒಲ್ದು ಬಂದ್ಲು, ಇರ್ಲಿ ಅಂತ ಅವ್ಳಂದ್ರೆ ಕಮಿಟೀಲಿ ಯಾವನೂ ಸೊಲ್ಲೆತ್ತಕ್ಕಿಲ್ಲ.”

ಅಷ್ಟು ಸಾಕಾಯಿತು ಶಶಿಧರನಿಗೆ. ಬೈಕ್ ಹತ್ತಿ ಮಳವಳ್ಳಿ ರಸ್ತೆ ಹಿಡಿದ. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡಾಗಲೂ ಅವನಿಗೆ ಸಿಟ್ಟು ಬರಲಿಲ್ಲ. ಆಕೆ ಇಲ್ಲವೆನ್ನಲು ಸಾಧ್ಯವೇ ಇರಲಿಲ್ಲ. ಕುಣಿದವಳು ಅವಳೇ ತಾನೆ?

ಪುಟ್ಟಮಾದಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಚಾಪೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟಳು. ಶಶಿಧರ ನೇರ ವಿಷಯಕ್ಕೆ ಬಂದ.

“ಅಮ್ಮ, ನಿನ್ನೆ ನನ್ನ ಗಿಟಾರ್ ಕೇಳಿ ನಿಮಗೆ ಹಂಗಾಯ್ತಲ್ಲ, ಅದನ್ನ ರಾಜೇಂದ್ರನಿಗೆ ಒಂದು ಮಾತು ಹೇಳಬೇಕು.”

“ಏನ್ ಕೇಳಿ?”

“ಗಿಟಾರು. ಕಿವಿಗೆ ಹಾಕಿದ್ನಲ್ಲ, ಅದರಲ್ಲಿ ಬರ್ತಿತ್ತಲ್ಲ.”

ಪುಟ್ಟಮಾದಮ್ಮನ ಮುಖ ಸಣ್ಣಗಾಯಿತು. “ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಅದು ಕಿವಿ ಅಮುಕ್ತಿತ್ತು, ಪದ ಮರ್ತೋಗದು. ಮೊದುಲ್ನೇ ಸತೀಲೆ ಕತ್ತಿಗೆ ಜಾರುಸ್ಕೊಬುಟ್ಟೆ. ನೀನು ನೊಂದ್ಕತ್ತೀಯ ಅಂತ ಸೆರಗು ಮುಚ್ಕಂಡಿದ್ದೆ.”

ಶಶಿಧರ ಲೋಟ ಕೆಳಗಿಟ್ಟ. “ಹಂಗಾದ್ರೆ ಒಂದ್ಸಲಾನೂ ಕೇಳ್ಲಿಲ್ವಾ?”

“ಇಲ್ಲ ಕಣಪ್ಪ.”

“ಮತ್ತೆ ಅಮ್ಮ ಹೆಂಗೆ ಬಂದ್ಲು?”

“ಇದೇನ್ ಇಂಗ್ ಕೇಳೀಯೆ? ಒಂದ್ ಸತಿ ಅಂದ್ರೂ ಕೇಳ್ದೆ ಮ್ಯಾಲಿಂದ್ ಮ್ಯಾಲೆ ಕರುಸ್ದೆ. ಬರ್ದೆ ಏನ್ ಮಾಡಾಳು ಅವ್ಳು?”

ಆಕೆ ಮತ್ತೊಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡಳು. ಎದುರಿಗೆ ಕೂತವನ ಮುಖ ನೋಡಿ ಕನಿಕರವಾಯಿತೋ ಏನೋ, ಸಮಾಧಾನದ ದನಿಯಲ್ಲಿ ಹೇಳಿದಳು: “ನೀನು ಚೆಂದಾಗಿ ಬಾರುಸ್ತೀಯಂತೆ. ರಾಜೇಂದ್ರ ಯೋಳ್ತಿದ್ದ. ಯಾವಾಗ್ಲಾರ ಬುಡುವಾದಾಗ ಒಂದ್ ಸತಿ ಕೇಳುಸ್ಬುಡು.”

“ಆಗ್ಲಿ ಕಣಮ್ಮ” ಎಂದು ಶಶಿಧರ ಎದ್ದು ಚಪ್ಪಲಿ ಮೆಟ್ಟಿದ. ಸಿಟ್ಟಿಗೆ ಕಣ್ಣು ಉರಿಯುತ್ತಿತ್ತು. ಯಾರನ್ನಾದರೂ ಬಾಯಿಗೆ ಬಂದಂತೆ ಬೈದುಬಿಡೋಣ ಅನ್ನಿಸಿತು. ಬೈಯಲು ಒಬ್ಬರೂ ಸಿಗಲಿಲ್ಲ.